ಫಂಕ್ಷನ್ ಟ್ರೇಸಿಂಗ್: ಕರ್ನಲ್ ಯಾವ ರಿಜಿಸ್ಟರ್ ಉಳಿಸುತ್ತದೆ, ಯಾವುದನ್ನು ಬಿಡುತ್ತದೆ?

ವಿಟಿಯು 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ನಾಲ್ಕನೇ ಸೆಮಿಸ್ಟರಿಗೆ ಆಪರೇಟಿಂಗ್ ಸಿಸ್ಟಮ್ಸ್, ಮೈಕ್ರೋಕಂಟ್ರೋಲರ್ ಎರಡೂ ಒಟ್ಟಿಗೇ ಬಂದವು. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನದ ಎಂಜಿನಿಯರಿಂಗ್ ಕಾಲೇಜುಗಳಿಗೆ ಬರುವ ಮಕ್ಕಳು ಒಂದರಲ್ಲಿ ಶೆಡ್ಯೂಲಿಂಗ್ ಓದುತ್ತಾರೆ, ಇನ್ನೊಂದರ ಲ್ಯಾಬಿನಲ್ಲಿ ಆರ್ಮ್ ಅಸೆಂಬ್ಲಿ ಬರೆಯುತ್ತಾರೆ. ಪರೀಕ್ಷೆ ಮುಗಿದರೆ ಎರಡೂ ಬೇರೆ ಬೇರೆ ದಾರಿ. ಆದರೆ ಲಿನಕ್ಸ್ ಕರ್ನಲ್ ತನ್ನ ಫಂಕ್ಷನ್‌ಗಳ ಜಾಡು ಹಿಡಿಯುವ ಜಾಗದಲ್ಲಿ ಎರಡೂ ಕೂಡುತ್ತವೆ. 2008ರಲ್ಲಿ ಲಿನಕ್ಸ್ 2.6.27ರೊಂದಿಗೆ ಬಂದ ಎಫ್‌ಟ್ರೇಸ್ ಎಂಬ ಈ ವ್ಯವಸ್ಥೆಯನ್ನು ಕಟ್ಟಿದವರು ಸ್ಟೀವನ್ ರೋಸ್ಟೆಡ್ಟ್. ಇದರ ಬಗ್ಗೆ ಓದಿದವರಲ್ಲೂ ಕೆಲವು ತಪ್ಪು ತಿಳಿವಳಿಕೆಗಳಿವೆ.

ತಪ್ಪು ಕಲ್ಪನೆ 1: ಟ್ರೇಸಿಂಗ್ ಸೌಲಭ್ಯ ಇರುವ ಕರ್ನಲ್ ಸದಾ ನಿಧಾನ.

ವಾಸ್ತವ: ಕಂಪೈಲರ್ ಬಹುತೇಕ ಪ್ರತಿ ಫಂಕ್ಷನ್ನಿನ ಬಾಗಿಲಲ್ಲೇ ಒಂದಿಷ್ಟು ಜಾಗ ಬಿಟ್ಟಿರುತ್ತದೆ. 64 ಬಿಟ್‌ನ ಎಕ್ಸ್86ರಲ್ಲಿ ಅದು 5 ಬೈಟು. ಟ್ರೇಸಿಂಗ್ ಆಫ್ ಇದ್ದಾಗ ಅಲ್ಲಿರುವುದು ನಾಪ್, ಅಂದರೆ ಏನೂ ಮಾಡದ ಸೂಚನೆ. ಆನ್ ಮಾಡಿದಾಗ ಮಾತ್ರ ಅದರ ಜಾಗಕ್ಕೆ ಒಂದು ಕಾಲ್ ಸೂಚನೆ ಬರುತ್ತದೆ. ಓಡುತ್ತಿರುವ ಕೋಡನ್ನು ತಿದ್ದುವಾಗ ಇನ್ನೊಂದು ಕೋರ್ ಅರ್ಧ ಹಳೆಯದು, ಅರ್ಧ ಹೊಸದನ್ನು ಓದಿಬಿಟ್ಟರೆ ಕಥೆ ಮುಗಿಯಿತು. ಅದಕ್ಕೇ ಮೊದಲ ಬೈಟಿಗೆ ಬ್ರೇಕ್‌ಪಾಯಿಂಟ್ ಇಟ್ಟು, ಉಳಿದ ನಾಲ್ಕನ್ನು ಬದಲಿಸಿ, ಕೊನೆಗೆ ಮೊದಲನೆಯದನ್ನು ಸರಿಪಡಿಸುತ್ತಾರೆ.

ತಪ್ಪು ಕಲ್ಪನೆ 2: ಟ್ರೇಸ್ ಆಗುವ ಪ್ರತಿ ಸಲವೂ ಎಲ್ಲ ರಿಜಿಸ್ಟರ್‌ಗಳನ್ನೂ ಸ್ಟ್ಯಾಕಿನಲ್ಲಿ ಉಳಿಸಲೇಬೇಕು.

ವಾಸ್ತವ: ಇಂಟರಪ್ಟ್ ಬಂದಾಗ ಆ ಮಾತು ನಿಜ. ಅದು ಯಾವ ಎರಡು ಸೂಚನೆಗಳ ನಡುವೆ ಬರುತ್ತದೋ ಹೇಳಲಾಗದು. ಫಂಕ್ಷನ್ ಕರೆ ಹಾಗಲ್ಲ. ಯಾವ ರಿಜಿಸ್ಟರಿನಲ್ಲಿ ಆರ್ಗ್ಯುಮೆಂಟ್ ಬರುತ್ತದೆ, ಯಾವುದನ್ನು ಕೆಡಿಸಬಹುದು, ಯಾವುದನ್ನು ಕೆಡಿಸಬಾರದು ಎಂಬ ಕಾಲಿಂಗ್ ಕನ್ವೆನ್ಷನ್ ಮೊದಲೇ ನಿಗದಿಯಾಗಿದೆ. ಹಾಗಾಗಿ ಎಕ್ಸ್86ರ ಸಾಮಾನ್ಯ ಟ್ರೇಸಿಂಗ್ ದಾರಿಯಲ್ಲಿ ಮುಖ್ಯವಾಗಿ ಉಳಿಯುವುದು ಆರ್ಗ್ಯುಮೆಂಟ್ ಹೊತ್ತ ಆರ್‌ಡಿಐ, ಆರ್‌ಎಸ್‌ಐ, ಆರ್‌ಡಿಎಕ್ಸ್, ಆರ್‌ಸಿಎಕ್ಸ್, ಆರ್8, ಆರ್9, ಜೊತೆಗೆ ಆರ್‌ಎಎಕ್ಸ್ ಮತ್ತು ಆರ್‌ಬಿಪಿ. ಪೂರ್ತಿ ಪಟ್ಟಿ ಬೇಕೆನ್ನುವ ಬಳಕೆದಾರರಿಗೆ ಬೇರೆ ದಾರಿಯಿದೆ. ಅದು ಫ್ಲ್ಯಾಗ್‌ಗಳ ಸಮೇತ ಎಲ್ಲವನ್ನೂ ಬರೆದಿಡುತ್ತದೆ, ಅಷ್ಟೇ ದುಬಾರಿಯೂ ಹೌದು.

ತಪ್ಪು ಕಲ್ಪನೆ 3: ಉಳಿಸದೆ ಬಿಟ್ಟ ರಿಜಿಸ್ಟರ್‌ಗಳ ಬೆಲೆ ಹಾಳಾಗುತ್ತದೆ.

ವಾಸ್ತವ: ಆರ್‌ಬಿಎಕ್ಸ್, ಆರ್12ರಿಂದ ಆರ್15ರವರೆಗಿನವು ಪಕ್ಕದ ಮನೆಯಿಂದ ಎರವಲು ತಂದ ಪಾತ್ರೆಯ ಹಾಗೆ: ಬಳಸಿದವರು ತಂದಂತೆಯೇ ಹಿಂದಿರುಗಿಸಬೇಕು. ಟ್ರೇಸರ್ ಕೂಡ ಸಿ ಭಾಷೆಯ ಫಂಕ್ಷನ್ನೇ. ಅದು ಇವನ್ನು ಬಳಸಿದರೆ ಉಳಿಸಿ ಮರಳಿಸುವ ಕೋಡನ್ನು ಕಂಪೈಲರೇ ಹಾಕುತ್ತದೆ. ಇನ್ನು ಫ್ಲೋಟಿಂಗ್ ಪಾಯಿಂಟ್, ವೆಕ್ಟರ್ ರಿಜಿಸ್ಟರ್‌ಗಳು. ಕರ್ನಲ್ಲಿನ ಮಾಮೂಲಿ ಕೋಡು ಅವನ್ನು ಮುಟ್ಟದ ಹಾಗೆಯೇ ಕಂಪೈಲ್ ಆಗಿರುತ್ತದೆ. ಮುಟ್ಟದೇ ಇದ್ದದ್ದನ್ನು ಉಳಿಸುವ ಪ್ರಮೇಯವೇ ಬರುವುದಿಲ್ಲ.

ತಪ್ಪು ಕಲ್ಪನೆ 4: ಎಕ್ಸ್86ರಲ್ಲಿ ನಡೆದದ್ದು ಆರ್ಮ್‌ನಲ್ಲೂ ಹಾಗೇ ನಡೆಯುತ್ತದೆ.

ವಾಸ್ತವ: ಮೈಕ್ರೋಕಂಟ್ರೋಲರ್ ಲ್ಯಾಬಿನ ಎಲ್‌ಪಿಸಿ2148 ಕಿಟ್ ನೆನಪಿಸಿಕೊಳ್ಳಿ. ಬಿಎಲ್ ಸೂಚನೆ ಕೊಟ್ಟ ಕೂಡಲೇ ಹಿಂದಿರುಗುವ ವಿಳಾಸ ಲಿಂಕ್ ರಿಜಿಸ್ಟರಿಗೆ ಬಂದು ಕೂರುತ್ತದೆ, ಮೊದಲು ಅಲ್ಲಿದ್ದದ್ದು ಅಳಿಸಿಹೋಗುತ್ತದೆ. 64 ಬಿಟ್ ಆರ್ಮ್‌ನಲ್ಲೂ ಅದೇ ಪಾಡು, ಅಲ್ಲಿ ಲಿಂಕ್ ರಿಜಿಸ್ಟರ್ ಎಕ್ಸ್30. ಫಂಕ್ಷನ್ನಿನ ಬಾಗಿಲಲ್ಲೇ ಟ್ರೇಸರಿಗೆ ಬಿಎಲ್ ಹೊಡೆದರೆ, ಆ ಫಂಕ್ಷನ್ ತನ್ನನ್ನು ಕರೆದವರ ಬಳಿ ವಾಪಸು ಹೋಗುವ ದಾರಿಯೇ ಮರೆತುಹೋಗುತ್ತದೆ.

ಅದಕ್ಕಾಗಿ ಅಲ್ಲಿ ಎರಡು ನಾಪ್‌ಗಳ ಜಾಗ ಬಿಟ್ಟಿದ್ದಾರೆ. ಮೊದಲನೆಯದರ ಜಾಗಕ್ಕೆ ಎಕ್ಸ್30ನ್ನು ಎಕ್ಸ್9ಕ್ಕೆ ನಕಲು ಮಾಡುವ ಸೂಚನೆ ಬಂದು ಕಾಯಂ ಆಗಿ ಉಳಿಯುತ್ತದೆ. ಟ್ರೇಸಿಂಗ್ ಆನ್ ಅಥವಾ ಆಫ್ ಆದಂತೆ ಎರಡನೆಯದು ಮಾತ್ರ ಬಿಎಲ್ ಅಥವಾ ನಾಪ್ ಆಗುತ್ತದೆ. ಎಕ್ಸ್9ನ್ನೇ ಆರಿಸಿದ್ದಕ್ಕೂ ಕಾರಣವಿದೆ. ಆರ್ಗ್ಯುಮೆಂಟ್‌ಗಳು ಎಕ್ಸ್0ಯಿಂದ ಎಕ್ಸ್7ರಲ್ಲಿ ಬರುತ್ತವೆ, ಎಕ್ಸ್8ಕ್ಕೆ ಬೇರೆ ಕೆಲಸವಿದೆ. ಫಂಕ್ಷನ್ ಶುರುವಾಗುವಾಗ ಎಕ್ಸ್9ರಲ್ಲಿ ಯಾರಿಗೂ ಬೇಕಾದದ್ದೇನೂ ಇರುವುದಿಲ್ಲ.

ತಪ್ಪು ಕಲ್ಪನೆ 5: ರಿಜಿಸ್ಟರ್ ಚೌಕಟ್ಟು ಕೈಗೆ ಸಿಕ್ಕಿತೆಂದರೆ ಅದರಲ್ಲಿರುವುದೆಲ್ಲ ನಂಬಬಹುದಾದ ಬೆಲೆ.

ವಾಸ್ತವ: ಕರ್ನಲ್ಲಿನಲ್ಲಿ ರಿಜಿಸ್ಟರ್‌ಗಳ ಪೂರ್ಣ ಚಿತ್ರಕ್ಕೆ ಪಿಟಿ ರೆಗ್ಸ್ ಎಂಬ ಸ್ಟ್ರಕ್ಚರ್ ಇದೆ. ಅರ್ಧಂಬರ್ಧ ತುಂಬಿದ ಪಿಟಿ ರೆಗ್ಸ್ ಯಾರಿಗಾದರೂ ಕೊಟ್ಟರೆ, ತುಂಬದ ಜಾಗದ ಕಸವನ್ನೂ ಅವರು ನಿಜವೆಂದುಕೊಳ್ಳುತ್ತಾರೆ. ಇದನ್ನು ತಪ್ಪಿಸಲು ಎಫ್‌ಟ್ರೇಸ್ ರೆಗ್ಸ್ ಎಂಬ ಪ್ರತ್ಯೇಕ ಹೆಸರು ಬಂತು. ಎಕ್ಸ್86ರಲ್ಲಿ ಒಂದು ಸರಳ ಗುರುತು ಇಟ್ಟಿದ್ದಾರೆ: ಚಿತ್ರ ಅಪೂರ್ಣವಾಗಿದ್ದರೆ ಸಿಎಸ್ ರಿಜಿಸ್ಟರಿನ ಜಾಗದಲ್ಲಿ ಸೊನ್ನೆ. ಆಗ ಪೂರ್ಣ ಪಿಟಿ ರೆಗ್ಸ್ ಕೇಳಿದವರಿಗೆ ಸಿಗುವುದು ಬರೀ ನಲ್ ಪಾಯಿಂಟರ್. 64 ಬಿಟ್ ಆರ್ಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಪ್ರೊಸೆಸರಿನ ಸ್ಥಿತಿ ತಿಳಿಸುವ ಪಿಸ್ಟೇಟನ್ನು ಎಕ್ಸೆಪ್ಶನ್ ಆಗದೆ ಪೂರ್ತಿಯಾಗಿ ಹಿಡಿಯಲಾಗದು. ಆದ್ದರಿಂದ 2023ರ ಲಿನಕ್ಸ್ 6.2ರಲ್ಲಿ ಎಫ್‌ಟ್ರೇಸಿನಿಂದ ಪೂರ್ಣ ರಿಜಿಸ್ಟರ್ ಚಿತ್ರ ಕೊಡುವುದನ್ನೇ ಕೈಬಿಟ್ಟರು. ಈಗ ಸಿಗುವುದು ಎಕ್ಸ್0ಯಿಂದ ಎಕ್ಸ್8, ಫ್ರೇಮ್ ಪಾಯಿಂಟರ್, ಲಿಂಕ್ ರಿಜಿಸ್ಟರ್, ಸ್ಟ್ಯಾಕ್ ಪಾಯಿಂಟರ್, ಪ್ರೋಗ್ರಾಮ್ ಕೌಂಟರ್.

ತಪ್ಪು ಕಲ್ಪನೆ 6: ಫಂಕ್ಷನ್ ಮುಗಿದದ್ದನ್ನು ತಿಳಿಯಲು ಅದರ ಕೊನೆಯಲ್ಲೂ ಒಂದು ಕಾಲ್ ಇರುತ್ತದೆ.

ವಾಸ್ತವ: ಒಂದು ಫಂಕ್ಷನ್ನಿಗೆ ಹತ್ತು ಕಡೆ ರಿಟರ್ನ್ ಇರಬಹುದು. ಎಲ್ಲ ಕಡೆ ಕಾಯುವ ಬದಲು ಫಂಕ್ಷನ್ ಗ್ರಾಫ್ ಟ್ರೇಸರ್ ಬಾಗಿಲಲ್ಲೇ ಹಿಂದಿರುಗುವ ವಿಳಾಸವನ್ನು ಬದಲಿಸುತ್ತದೆ, ನಿಜವಾದದ್ದನ್ನು ಆ ಟಾಸ್ಕಿನದೇ ಬೇರೊಂದು ಸ್ಟ್ಯಾಕಿನಲ್ಲಿ ಇಡುತ್ತದೆ. ಫಂಕ್ಷನ್ ಮುಗಿಸಿ ಹೊರಟರೆ ಬಂದು ಇಳಿಯುವುದು ಟ್ರೇಸರಿನ ಕೋಡಿಗೆ. ಆಗ ಲೆಕ್ಕ ಬದಲು: ಆರ್ಗ್ಯುಮೆಂಟ್‌ಗಳ ಕೆಲಸ ಮುಗಿದಿದೆ, ಜೋಪಾನ ಮಾಡಬೇಕಾದದ್ದು ರಿಟರ್ನ್ ಬೆಲೆ. ಎಕ್ಸ್86ರಲ್ಲಿ ಅದು ಆರ್‌ಎಎಕ್ಸ್, ಆರ್‌ಡಿಎಕ್ಸ್‌ಗಳಲ್ಲಿರುತ್ತದೆ.

ತಪ್ಪು ಕಲ್ಪನೆ 7: ಇಂಥ ಕೆಲಸ ನಡೆಯುವುದೆಲ್ಲ ಹೊರದೇಶದಲ್ಲಿ, ನಮ್ಮ ಕಡೆಯವರಿಗೆ ದೂರದ ಮಾತು.

ವಾಸ್ತವ: ಫಂಕ್ಷನ್ನಿನ ಬಾಗಿಲಲ್ಲಷ್ಟೇ ಅಲ್ಲದೆ ಕರ್ನಲ್ಲಿನ ಬಹುತೇಕ ಯಾವ ಸೂಚನೆಯ ಮೇಲಾದರೂ ಬ್ರೇಕ್‌ಪಾಯಿಂಟ್ ಇಟ್ಟು, ಎಲ್ಲ ರಿಜಿಸ್ಟರ್‌ಗಳನ್ನೂ ನೋಡಬಲ್ಲ ಸೌಲಭ್ಯ ಕೆಪ್ರೋಬ್ಸ್. 2004ರಲ್ಲಿ ಲಿನಕ್ಸ್ 2.6.9ರೊಂದಿಗೆ ಅದು ಬಂತು. ಅದರ ಮೂಲ ಕೋಡಿನ ಫೈಲಿನ ಆರಂಭದ ಸಾಲುಗಳಲ್ಲಿ ಇಂದಿಗೂ ದಾಖಲಾಗಿದೆ: 2002ರ ಅಕ್ಟೋಬರಿನಲ್ಲಿ ಇದನ್ನು ಮೊದಲು ಬರೆದವರು ಐಬಿಎಂ ಇಂಡಿಯಾದ ವಂಶಿ ಕೃಷ್ಣ ಎಸ್. 2004ರಲ್ಲಿ ಪರಿಷ್ಕರಿಸಿದವರು ಬೆಂಗಳೂರಿನ ಐಬಿಎಂ ಲಿನಕ್ಸ್ ಟೆಕ್ನಾಲಜಿ ಸೆಂಟರಿನಲ್ಲಿದ್ದ ಪ್ರಸನ್ನ ಎಸ್. ಪಂಚಮುಖಿ. ಅನಂತ್ ಎನ್. ಮಾವಿನಕಾಯನಹಳ್ಳಿ ಅವರ ಹೆಸರು ಕೆಪ್ರೋಬ್ಸ್ ನಿರ್ವಾಹಕರ ಪಟ್ಟಿಯಲ್ಲಿ ವರ್ಷಗಟ್ಟಲೆ ಇತ್ತು.

ಎಫ್‌ಟ್ರೇಸನ್ನು ಪ್ರಯೋಗಿಸಿ ನೋಡಲು ದುಬಾರಿ ಲ್ಯಾಬು ಬೇಡ. ಲಿನಕ್ಸ್ ಹಾಕಿದ ಹಳೆಯ ಲ್ಯಾಪ್‌ಟಾಪಿನಲ್ಲಿ ರೂಟ್ ಆಗಿ ಸಿಸ್ ಅಡಿಯ ಕರ್ನಲ್, ಅದರೊಳಗಿನ ಟ್ರೇಸಿಂಗ್ ಫೋಲ್ಡರಿಗೆ ಹೋಗಿ, ಒಂದೇ ಫಂಕ್ಷನ್ನಿಗೆ ಫಿಲ್ಟರ್ ಹಾಕಿ, ಫಂಕ್ಷನ್ ಟ್ರೇಸರ್ ಆನ್ ಮಾಡಿದರೆ ಸಾಕು. ಫಿಲ್ಟರ್ ಮರೆತರೆ ಸಾವಿರಾರು ಸಾಲು ಸುರಿಯುತ್ತವೆ, ಮಷೀನೂ ಎಳೆದಾಡುತ್ತದೆ. ಕೆಲಸ ಮುಗಿದ ಮೇಲೆ ಟ್ರೇಸರನ್ನು ನಾಪ್‌ಗೆ ಮರಳಿಸಿ. ಆಮೇಲೆ 64 ಬಿಟ್ ಆರ್ಮ್‌ನ ಎಫ್‌ಟ್ರೇಸ್ ಅಸೆಂಬ್ಲಿ ಫೈಲನ್ನು ತೆರೆದು ಓದಿ. ಬಿಎಲ್, ಲಿಂಕ್ ರಿಜಿಸ್ಟರ್, ಸ್ಟ್ಯಾಕ್ ಪಾಯಿಂಟರ್ ಗೊತ್ತಿರುವ ನಾಲ್ಕನೇ ಸೆಮಿಸ್ಟರಿನ ವಿದ್ಯಾರ್ಥಿಗೆ ಅದರ ಮುಖ್ಯ ಭಾಗ ಖಂಡಿತ ಅರ್ಥವಾಗುತ್ತದೆ.