ಸೌರದೀಪದ ಮನೆಗೆ ಯಾವ ಬ್ಯಾಟರಿ?

ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ವಿದ್ಯುದಾಗಾರವಿದೆ. ಆದರೂ ಆಟಿ ತಿಂಗಳ ಗಾಳಿಗೆ ಮರವೊಂದು ತಂತಿಯ ಮೇಲೆ ಬಿದ್ದಿತೆಂದರೆ, ಕಾರ್ಕಳದ ಘಟ್ಟದಡಿಯ ಒಂಟಿಮನೆಗಳಿಗೆ ಕತ್ತಲೆಯೇ ಗತಿ. ಇಂಥವರಿಗೆ ಸೌರದೀಪವು ದೊಡ್ಡ ಆಸರೆ. 2003ರಲ್ಲಿ ಸಂಯುಕ್ತ ರಾಷ್ಟ್ರಸಂಘದ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ ಬ್ಯಾಂಕೂ ಮಣಿಪಾಲದ ಸಿಂಡಿಕೇಟ್ ಬ್ಯಾಂಕೂ ಸೌರದೀಪಗಳಿಗೆ ಸುಲಭದ ಸಾಲವನ್ನು ಕೊಡತೊಡಗಿದುವು. 2020ರಲ್ಲಿ ಆ ಎರಡು ಬ್ಯಾಂಕುಗಳು ಒಂದಾದುವು.

ಹಗಲಿನ ಬೆಳಕನ್ನು ಇರುಳಿಗೆ ಕೂಡಿಡುವ ಪತ್ತಾಯವೇ ಬ್ಯಾಟರಿ. ಅದು ಸೀಸದ್ದಾಗಿರಬೇಕೇ, ಲಿಥಿಯಮ್ಮಿನದಾಗಿರಬೇಕೇ ಎಂಬುದೇ ಈಗ ಗೃಹಸ್ಥರ ಪ್ರಶ್ನೆ.

ಸೀಸದ ಬ್ಯಾಟರಿಯನ್ನು 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಎಂಬವನು ನಿರ್ಮಿಸಿದನು. ಸೀಸದ ಫಲಕಗಳು ಗಂಧಕಾಮ್ಲದಲ್ಲಿ ಮುಳುಗಿರುವುವು. ಬೆಲೆ ಕಡಿಮೆ, ರಿಪೇರಿ ಬಲ್ಲವರು ಪೇಟೆಪೇಟೆಯಲ್ಲಿಯೂ ಸಿಗುವರು. ಆದರೆ ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಸ್ಸು ಕುಗ್ಗುವುದು. ಮೋಡದ ದಿನಗಳಲ್ಲಿ ತುಂಬದೆ ಉಳಿದರೆ ಫಲಕಗಳ ಮೇಲೆ ಗಟ್ಟಿ ಲವಣವು ಹತ್ತಿ ಶಕ್ತಿ ಉಡುಗುವುದು. ನಮ್ಮ ಮಳೆಗಾಲವೇ ಅದರ ಶತ್ರು.

ಮನೆಬಳಕೆಗೆ ತಕ್ಕ ಲಿಥಿಯಮ್ ಬ್ಯಾಟರಿಯು ಕಬ್ಬಿಣ ಮತ್ತು ಫಾಸ್ಫೇಟ್ ಕೂಡಿದ ಜಾತಿಯದು. ಅದಕ್ಕೆ ನೀರು ಹಾಕಬೇಕಿಲ್ಲ, ಅರೆತುಂಬಿದ್ದರೂ ಕೆಡುವುದಿಲ್ಲ, ನೂರರಲ್ಲಿ ಎಂಬತ್ತು ಪಾಲನ್ನು ನಿಶ್ಚಿಂತೆಯಿಂದ ಬಳಸಬಹುದು.

ಲೆಕ್ಕವನ್ನು ನೋಡೋಣ. 5 ವಾಟಿನ ನಾಲ್ಕು ದೀಪಗಳು 5 ಗಂಟೆ ಉರಿದರೆ 100 ವಾಟ್-ಗಂಟೆ, 30 ವಾಟಿನ ಫ್ಯಾನು 6 ಗಂಟೆ ತಿರುಗಿದರೆ 180, ಒಟ್ಟು 280. 12 ವೋಲ್ಟ್, 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯು 1,200ನ್ನು ಹಿಡಿದರೂ ಬಳಕೆಗೆ ದಕ್ಕುವುದು 600; ಅಂದರೆ ಬಿಸಿಲಿಲ್ಲದ ಎರಡು ದಿನಕ್ಕೆ ಸಾಕು. ಅಷ್ಟೇ ಆಂಪಿಯರಿನ, 12.8 ವೋಲ್ಟಿನ ಲಿಥಿಯಮ್ಮಿನಲ್ಲಿ ದಕ್ಕುವುದು ಸುಮಾರು 1,000. ಅದು ಮೂರೂವರೆ ದಿನಕ್ಕೆ ಬರುವುದು. ಕೊಳ್ಳುವಾಗ ಲಿಥಿಯಮ್ಮಿಗೆ ಹಣ ಹೆಚ್ಚು ಬೇಕು. ಆದರೆ ಸೀಸದ್ದನ್ನು ಎರಡು ಸಲ ಬದಲಿಸುವಷ್ಟು ಕಾಲ ಅದು ಬಾಳಬಲ್ಲುದು.

ಇಷ್ಟಾದರೂ ಆತುರವು ಸಲ್ಲದು. ಸೀಸಕ್ಕೆಂದು ಮಾಡಿದ ಹಳೆಯ ಚಾರ್ಜರಿಗೆ ಲಿಥಿಯಮ್ಮನ್ನು ಪರೀಕ್ಷಿಸದೆ ಜೋಡಿಸಬಾರದು. ಒಳಗಿನ ರಕ್ಷಣಾಫಲಕವು ಕೆಟ್ಟರೆ ಸರಿಪಡಿಸುವವರು ಹತ್ತಿರ ಇರುವರೇ ಎಂದು ಮೊದಲೇ ವಿಚಾರಿಸಬೇಕು. ಕೈಯಲ್ಲಿ ಹಣ ಕಡಿಮೆಯಿದ್ದು, ತಿಂಗಳಿಗೊಮ್ಮೆ ನೀರಿನ ಮಟ್ಟವನ್ನು ನೋಡಿ ಭಟ್ಟಿಯಿಳಿಸಿದ ನೀರನ್ನೇ ಹಾಕುವ ಶಿಸ್ತಿದ್ದರೆ, ಸೀಸವೂ ನಿಷ್ಪ್ರಯೋಜಕವಲ್ಲ. ಆದರೆ ಚಾರ್ಜಾಗುವಾಗ ಅದರಿಂದ ಜಲಜನಕವು ಹೊರಡುವುದರಿಂದ, ಒಲೆಯಿಂದ ದೂರ, ಗಾಳಿಯಾಡುವ ಕಡೆ ಇಡತಕ್ಕದ್ದು.

ಕೊನೆಯದಾಗಿ ಮಕ್ಕಳ ವಿಷಯ. ಸೀಸವು ಎಳೆಯರ ಮಿದುಳನ್ನು ಕೆಡಿಸುವ ವಿಷ. ಹಳೆಯ ಬ್ಯಾಟರಿಯನ್ನು ಅಂಗಳದಲ್ಲಿ ಒಡೆಯುವುದಾಗಲಿ, ಆಮ್ಲವನ್ನು ತೆಂಗಿನ ಬುಡಕ್ಕೆ ಸುರಿಯುವುದಾಗಲಿ ಸರ್ವಥಾ ಕೂಡದು. ಸವೆದ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆಯೇ ಹೊರಿಸಿವೆ. ಯಾವ ಜಾತಿಯದಾದರೂ ಅದನ್ನು ಅಂಗಡಿಗೇ ಒಪ್ಪಿಸಿರಿ. ಮನೆಯನ್ನು ಬೆಳಗಿದ ವಸ್ತುವು ಬಾವಿಯ ನೀರನ್ನು ಕೆಡಿಸದಿರಲಿ.