ನೂರಕ್ಕೆ ಎರಡು ರೂಪಾಯಿ ಬಡ್ಡಿಯಲ್ಲಿ ಮುಂದಿನ ಐವತ್ತು ವರ್ಷ

ಬೆಂಗಳೂರಿನ ಹೆಗ್ಗನಹಳ್ಳಿ ಕ್ರಾಸಿನಿಂದ ಒಳರಸ್ತೆಗಳಿಗೆ ಇಳಿದರೆ ಮನೆ ಯಾವುದು, ಕಾರ್ಖಾನೆ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ. ಮೇಲಿನ ಮಹಡಿಯಲ್ಲಿ ಬಟ್ಟೆ ಒಣಗುತ್ತಿದ್ದರೆ ಕೆಳಗೆ ಶಟರ್ ಎತ್ತಿದ ಶೆಡ್ಡಿನಲ್ಲಿ ಲೇತ್ ಓಡುತ್ತಿರುತ್ತದೆ. ಪಕ್ಕದ ಪೀಣ್ಯದ ಕಂಪನಿಗಳಿಗೆ ಬೇಕಾದ ಬುಷ್, ಶಾಫ್ಟ್, ಬೋಲ್ಟುಗಳು ಇಂಥ ಬಾಡಿಗೆ ಶೆಡ್ಡುಗಳಲ್ಲಿ ಜಾಬ್ ವರ್ಕ್ ಲೆಕ್ಕದಲ್ಲಿ ತಯಾರಾಗುತ್ತವೆ. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆಯೊಂದಿದೆ: ಮುಂದೆ ಏನಾಗುತ್ತದೋ ಖಚಿತವಿಲ್ಲ, ಖರ್ಚು ಮಾತ್ರ ಖಚಿತ, ಹಾಗಿದ್ದಮೇಲೆ ಇಂಗಾಲ ಕಡಿತಕ್ಕೆ ಈಗಲೇ ಯಾಕೆ ದುಡ್ಡು ಸುರಿಯಬೇಕು? ದೊಡ್ಡ ಸಭೆಗಳಲ್ಲಿ ಕೇಳುವ ಈ ಪ್ರಶ್ನೆಯನ್ನು ಈ ಬೀದಿಗೆ ತಂದು ನಿಲ್ಲಿಸಿ ನೋಡಬೇಕು.

ಅನಿಶ್ಚಿತತೆ ಇದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾಗುತ್ತದೆ? 1979ರಲ್ಲಿ ಅಮೆರಿಕದ ಜೂಲ್ ಚಾರ್ನಿ ನೇತೃತ್ವದ ಸಮಿತಿ 1.5ರಿಂದ 4.5 ಡಿಗ್ರಿ ಸೆಲ್ಸಿಯಸ್ ಎಂದಿತ್ತು. 2021ರ ವರದಿಯಲ್ಲಿ ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಹೇಳಿದ್ದು 2.5ರಿಂದ 4 ಡಿಗ್ರಿ. ಹೆಚ್ಚು ಸಾಧ್ಯತೆ ಇರುವುದು 3 ಡಿಗ್ರಿಗೆ. ನಾಲ್ಕು ದಶಕಗಳ ದುಡಿಮೆಯಲ್ಲಿ ಈ ಅಂತರ ಕಿರಿದಾಯಿತು. ಹಾಗೆ ಕಿರಿದಾಗುವಾಗ ‘ಇಷ್ಟೇ ಬಿಸಿಯಾದೀತು’ ಎಂಬ ಕೆಳತುದಿಯ ಆಸೆಯೇ ಹೆಚ್ಚು ಮುರಿದದ್ದನ್ನು ಗಮನಿಸಬೇಕು.

ಮಳೆಯ ವಿಷಯದಲ್ಲಿ ಲೆಕ್ಕ ಇನ್ನೂ ತೊಡಕಿನದು. ಈ ಶತಮಾನದಲ್ಲಿ ದಕ್ಷಿಣ ಏಷ್ಯಾದ ಮುಂಗಾರು ಒಟ್ಟಾರೆ ಹೆಚ್ಚುತ್ತದೆ, ವರ್ಷದಿಂದ ವರ್ಷಕ್ಕೆ ಏರುಪೇರೂ ಹೆಚ್ಚುತ್ತದೆ ಎನ್ನುತ್ತದೆ ಅದೇ ವರದಿ. ಆದರೆ ಯಾವ ವರ್ಷ, ಯಾವ ಊರಿಗೆ, ಎಷ್ಟು ಎಂದು ಯಾವ ಕಂಪ್ಯೂಟರ್ ಮಾದರಿಯೂ ಹೇಳಲಾರದು. ಬೆಂಗಳೂರು ಇದನ್ನು 2024ರಲ್ಲಿ ಅನುಭವಿಸಿತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಎಂದು ಘೋಷಣೆಯಾಗಿದ್ದವು. ನಗರದ 13,900 ಸರ್ಕಾರಿ ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಮಾರ್ಚ್‌ನಲ್ಲಿ ಸರ್ಕಾರವೇ ಹೇಳಿತು. ಐದು ಕಿಲೋಮೀಟರ್ ಒಳಗೆ 12 ಸಾವಿರ ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ ಮೀರಬಾರದೆಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ಏಪ್ರಿಲ್‌ನಲ್ಲಿ ನಗರದ ವೀಕ್ಷಣಾಲಯದಲ್ಲಿ ಅಳೆಯುವಷ್ಟು ಮಳೆಯೂ ಬೀಳಲಿಲ್ಲ. 1983ರ ನಂತರ ಅಂಥ ಏಪ್ರಿಲ್ ಬಂದಿರಲಿಲ್ಲ. ಜೂನ್ 2ರಂದು ಒಂದೇ ದಿನ 111.1 ಮಿಲಿಮೀಟರ್ ಸುರಿದು, ಜೂನ್ ತಿಂಗಳಿಗೆ 1891ರಿಂದ ಉಳಿದುಬಂದಿದ್ದ ದಾಖಲೆ ಮುರಿಯಿತು.

ಇದಕ್ಕೆಲ್ಲ ಭೂಮಿ ಬಿಸಿಯಾದದ್ದೇ ಕಾರಣ ಎನ್ನುವುದು ತಪ್ಪು. ಎಲ್ ನಿನೊ ಇತ್ತು, ಕೆರೆಗಳು ಹೋಗಿದ್ದವು, ಅಂತರ್ಜಲವನ್ನು ನಾವೇ ಹೀರಿ ಮುಗಿಸಿದ್ದೆವು. ಆದರೆ ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಸುಮಾರು ಶೇ 7ರಷ್ಟು ಹೆಚ್ಚು ನೀರಾವಿ ಹಿಡಿಯಬಲ್ಲದು. ಸುರಿದಾಗ ಜೋರಾಗಿ ಸುರಿಯುವುದಕ್ಕೆ ಕಾರಣ ಅಲ್ಲಿದೆ.

ಹೀಗೆ ಅರ್ಧ ಗೊತ್ತಿದ್ದು ಅರ್ಧ ಗೊತ್ತಿಲ್ಲದಾಗ ಏನು ಮಾಡಬೇಕು? ಲೇತ್ ಮುಂದೆ ನಿಂತವನಿಗೆ ಇದರ ಉತ್ತರ ಗೊತ್ತು. ಶಾಫ್ಟ್ ತಿರುಗಿಸುವಾಗ ಅಳತೆ ಬಗ್ಗೆ ಅನುಮಾನ ಬಂದರೆ ಅವನು ಕೆಲಸ ನಿಲ್ಲಿಸಿ ಕೂರುವುದಿಲ್ಲ; ತುಸು ದಪ್ಪವಾಗಿಯೇ ಉಳಿಸುತ್ತಾನೆ. ದಪ್ಪ ಉಳಿದರೆ ಇನ್ನೊಂದು ಕಟ್ ಕೊಟ್ಟು ಸರಿಮಾಡಬಹುದು. ಸಣ್ಣದಾದರೆ ಜಾಬ್ ರಿಜೆಕ್ಟ್, ನೇರ ಸ್ಕ್ರ್ಯಾಪಿಗೆ. ಎರಡೂ ತಪ್ಪುಗಳೇ, ಆದರೆ ಎರಡರ ನಷ್ಟ ಒಂದೇ ಅಲ್ಲ. ಇಂಗಾಲವನ್ನು ಬೇಕಿದ್ದಕ್ಕಿಂತ ಬೇಗ ಕಡಿಮೆ ಮಾಡಿದೆವು ಎಂದು ಮುಂದೊಂದು ದಿನ ತಿಳಿದರೆ ಒಂದಿಷ್ಟು ದುಡ್ಡು ಹೆಚ್ಚು ಖರ್ಚಾಗಿರುತ್ತದೆ. ತಡಮಾಡಿದೆವು ಎಂದು ತಿಳಿದರೆ ಹಿಂದಕ್ಕೆ ತರುವ ದಾರಿಯಿಲ್ಲ. ಹೊರಬಿಟ್ಟ ಇಂಗಾಲದ ಒಂದು ಪಾಲು ಸಾವಿರಾರು ವರ್ಷ ಗಾಳಿಯಲ್ಲೇ ಇರುತ್ತದೆ.

ಇನ್ನು ಖರ್ಚು ಖಚಿತ ಎಂಬ ಮಾತು. ಅದೇ ಹೆಚ್ಚು ಹುಸಿಯಾಗಿದೆ. 2010ರ ಕೊನೆಯಲ್ಲಿ ರಾಷ್ಟ್ರೀಯ ಸೌರ ಮಿಷನ್ ಟೆಂಡರ್ ಕರೆದಾಗ ಯೂನಿಟ್‌ಗೆ ಬಂದ ಅತಿ ಕಡಿಮೆ ದರ 10 ರೂಪಾಯಿ 95 ಪೈಸೆ. 2017ರ ಮೇ ತಿಂಗಳಲ್ಲಿ ರಾಜಸ್ಥಾನದ ಭಡ್ಲಾದಲ್ಲಿ ಅದು 2 ರೂಪಾಯಿ 44 ಪೈಸೆಗೆ ಇಳಿದಿತ್ತು. ನಮ್ಮ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಎದ್ದು ನಿಂತಿದೆ. 2010ರಲ್ಲಿ ಖರ್ಚಿನ ಪಟ್ಟಿ ಹಿಡಿದು ‘ಇದು ದೇಶಕ್ಕೆ ಎಟುಕದ್ದು’ ಎಂದವರ ಲೆಕ್ಕ ಏಳೇ ವರ್ಷದಲ್ಲಿ ತಲೆಕೆಳಗಾಯಿತು. ಹವಾಮಾನದ ಅಂದಾಜನ್ನು ಅನುಮಾನಿಸುವವರು ಖರ್ಚಿನ ಅಂದಾಜನ್ನೂ ಅಷ್ಟೇ ಅನುಮಾನಿಸಬೇಕು.

ಆದರೆ ಅರ್ಥಶಾಸ್ತ್ರಜ್ಞರ ನಿಜವಾದ ಜಗಳ ವಿಜ್ಞಾನದ್ದಲ್ಲ, ಬಡ್ಡಿಯದು. ಐವತ್ತು ವರ್ಷದ ನಂತರ ಆಗುವ 100 ರೂಪಾಯಿ ನಷ್ಟಕ್ಕೆ ಇವತ್ತಿನ ಬೆಲೆ ಎಷ್ಟು? ಬ್ರಿಟನ್ನಿನ ನಿಕೋಲಸ್ ಸ್ಟರ್ನ್ 2006ರ ತಮ್ಮ ವರದಿಯಲ್ಲಿ ವರ್ಷಕ್ಕೆ ಶೇ 1.4ರ ದರ ಹಿಡಿದರು. ಆಗ ಆ ನಷ್ಟ ಇವತ್ತಿನ 50 ರೂಪಾಯಿಗೆ ಸಮ. 2018ರಲ್ಲಿ ನೊಬೆಲ್ ಪಡೆದ ವಿಲಿಯಂ ನಾರ್ಡ್‌ಹಾಸ್ ಅವರ ದರ ಶೇ 4ರ ಆಚೆ. ಶೇ 4.3 ಎಂದುಕೊಂಡರೆ ಅದೇ ನಷ್ಟ ಬರೀ 12 ರೂಪಾಯಿ. ಸ್ಟರ್ನ್ ಕೂಡಲೇ ದೊಡ್ಡ ಕಡಿತ ಬೇಕೆಂದದ್ದೂ, ನಾರ್ಡ್‌ಹಾಸ್ ಇಂಗಾಲಕ್ಕೆ ತೆರಿಗೆ ಹಾಕಿ ಅದನ್ನು ನಿಧಾನವಾಗಿ ಏರಿಸಿ ಎಂದದ್ದೂ ಬಹುಮಟ್ಟಿಗೆ ಈ ಒಂದು ಅಂಕಿಯಿಂದ. ಸುಮ್ಮನಿರಿ ಎಂದು ಇಬ್ಬರೂ ಹೇಳಲಿಲ್ಲ.

ಈಗ ಶೆಡ್ಡಿಗೆ ಬನ್ನಿ. ಬ್ಯಾಂಕು ಕೇಳುವ ಆಧಾರ ಪತ್ರ ಇಲ್ಲದ ಸಣ್ಣ ಮಾಲೀಕ ಕೈಸಾಲಕ್ಕೆ ಹೋದರೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ ತೆರಬೇಕು. ವರ್ಷಕ್ಕೆ ಶೇ 24. ಆ ದರದಲ್ಲಿ ಐದು ವರ್ಷದ ನಂತರ ಉಳಿಯುವ 100 ರೂಪಾಯಿ ಅವನಿಗೆ ಇವತ್ತು 34 ರೂಪಾಯಿ. ಚಾವಣಿ ಸೌರ ವಿದ್ಯುತ್ತಿಗೆ ಹಾಕಿದ ದುಡ್ಡು ವಾಪಸ್ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವರ್ಷ ಬೇಕು. ಅವನು ಬೇಡ ಎನ್ನುವುದು ಅಜ್ಞಾನದಿಂದಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ. ಸಾಲದ್ದಕ್ಕೆ ಚಾವಣಿ ಅವನದಲ್ಲ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ 78 ಸಾವಿರ ರೂಪಾಯಿವರೆಗಿನ ಸಬ್ಸಿಡಿ ವಾಸದ ಮನೆಗಳಿಗೆ ಮಾತ್ರ. ಮಹಡಿ ಮನೆಯವರಿಗೋ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಬಿಲ್ಲೇ ಇಲ್ಲ. ಅವರೇಕೆ ಪ್ಯಾನೆಲ್ ಹಾಕಿಸಿಯಾರು? ಹೊರಗಿನಿಂದ ಹಸಿರು ವಿದ್ಯುತ್ ಕೊಳ್ಳೋಣ ಎಂದರೆ 2022ರ ಕೇಂದ್ರದ ನಿಯಮ 100 ಕಿಲೋವ್ಯಾಟ್‌ಗಿಂತ ಕಡಿಮೆ ಬೇಡಿಕೆಯವರನ್ನು ಹೊರಗಿಟ್ಟಿದೆ. ಎರಡು ಲೇತು, ಒಂದು ಮಿಲ್ಲಿಂಗ್ ಯಂತ್ರದ ಶೆಡ್ಡು ಅದರ ಹತ್ತಿರಕ್ಕೂ ಹೋಗದು.

ಇಷ್ಟರಲ್ಲಿ ಇಂಗಾಲದ ಬೆಲೆ ಬೇರೊಂದು ಬಾಗಿಲಿನಿಂದ ಬಂದಿದೆ. 2026ರ ಜನವರಿ 1ರಿಂದ ಯುರೋಪ್ ಒಕ್ಕೂಟ ಆಮದಾಗುವ ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದವುಗಳ ಮೇಲೆ ಗಡಿ ಇಂಗಾಲ ಶುಲ್ಕ ಜಾರಿ ಮಾಡಿದೆ. ಆ ಪಟ್ಟಿಯಲ್ಲಿ ಉಕ್ಕಿನ ಬೋಲ್ಟು, ನಟ್ಟು, ಸ್ಕ್ರೂಗಳೂ ಇವೆ. ವರ್ಷಕ್ಕೆ 50 ಟನ್ ಮೀರದ ಆಮದುದಾರರಿಗೆ ವಿನಾಯಿತಿ ಇದೆ, ಆದರೆ ದೊಡ್ಡ ಖರೀದಿದಾರರಿಗೆ ಇಲ್ಲ. ಒಂದು ಬೋಲ್ಟಿನಲ್ಲಿ ಅಡಗಿದ ಇಂಗಾಲದ ಬಹುಪಾಲು ಅದರ ಉಕ್ಕಿನದು: ಬಳ್ಳಾರಿಯ ತೋರಣಗಲ್ಲಿನ ಉಕ್ಕು ಕಾರ್ಖಾನೆಯಂಥ ಕಡೆ ಕಲ್ಲಿದ್ದಲ ಊದುಕುಲುಮೆಯಲ್ಲಿ ಹುಟ್ಟಿದ್ದು. ಭಾರತದಲ್ಲಿ ಒಂದು ಟನ್ ಉಕ್ಕಿಗೆ ಸರಾಸರಿ ಎರಡೂವರೆ ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಅದನ್ನು ಒಂದು ಗ್ರಾಂ ಇಳಿಸುವ ಶಕ್ತಿಯೂ ಹೆಗ್ಗನಹಳ್ಳಿಯ ಶೆಡ್ಡಿಗಿಲ್ಲ. ಆದರೆ ರಫ್ತುದಾರನ ಲಾಭ ತಗ್ಗಿದಾಗ ‘ರೇಟು ಇಳಿಸು’ ಎಂಬ ಮಾತು ಸರಪಳಿಯ ಕೊನೆಗೇ ಬಂದು ಮುಟ್ಟುತ್ತದೆ. ತಲಾ ಸುಮಾರು 2 ಟನ್ ಇಂಗಾಲ ಹೊರಬಿಡುವ ದೇಶದ ಸಣ್ಣ ಕಸುಬುದಾರ ತೆರುವ ಈ ಬೆಲೆ ನನಗೆ ಅನ್ಯಾಯವಾಗಿ ಕಾಣುತ್ತದೆ. ಅಮೆರಿಕದಲ್ಲಿ ಆ ತಲಾ ಪ್ರಮಾಣ ಸುಮಾರು 14 ಟನ್.

ಆದ್ದರಿಂದ ಕಾಯಬೇಕೋ ಬೇಡವೋ ಎಂಬುದಕ್ಕಿಂತ ಯಾರ ಬಡ್ಡಿಯಲ್ಲಿ ಖರ್ಚು ಮಾಡಬೇಕು ಎಂಬುದೇ ನಮ್ಮೆದುರಿನ ಪ್ರಶ್ನೆ. ಸರ್ಕಾರ ಶೇ 7ರ ಆಸುಪಾಸಿನಲ್ಲಿ ಸಾಲ ಎತ್ತಬಲ್ಲದು. ಶೆಡ್ಡಿನವನು ಶೇ 24ಕ್ಕೆ. ಮೊದಲ ಖರ್ಚು ಸರ್ಕಾರದ ದರದಲ್ಲಿ ಆಗಬೇಕು. ಕೆಲವು ಕೆಲಸಗಳಿಗೆ ಹವಾಮಾನದ ವಾದವೇ ಬೇಕಿಲ್ಲ: ಸಣ್ಣ ಕಾರ್ಖಾನೆಗಳ ಏರ್ ಕಂಪ್ರೆಸರಿನ ಗಾಳಿಯಲ್ಲಿ ಶೇ 20ರಿಂದ 30ರಷ್ಟು ಸೋರಿ ಹೋಗುವುದು ಸಾಮಾನ್ಯ. ಹಳೆಯ, ಪದೇ ಪದೇ ರಿವೈಂಡ್ ಮಾಡಿಸಿದ ಮೋಟಾರುಗಳು ನುಂಗುವ ವಿದ್ಯುತ್ ಇನ್ನೊಂದು. ಹೊಸ ಮೋಟಾರಿನ ಕಂತನ್ನು ವಿದ್ಯುತ್ ಕಂಪನಿ ಬೆಸ್ಕಾಂನ ಬಿಲ್ಲಿನಲ್ಲೇ, ಉಳಿತಾಯವಾದ ಯೂನಿಟ್‌ಗಳ ಹಣದಿಂದ ಮುರಿದುಕೊಳ್ಳಬಹುದು. ಚಾವಣಿ ಇಲ್ಲದ ನೂರು ಶೆಡ್ಡುಗಳು ಸೇರಿ ಪಾವಗಡದಂಥ ಕಡೆ ಪಾಲು ಪಡೆದು, ಆ ಯೂನಿಟ್‌ಗಳು ಹೆಗ್ಗನಹಳ್ಳಿಯ ಮೀಟರುಗಳಲ್ಲಿ ಕಳೆಯುವಂತಾಗಬೇಕು. ಶೆಡ್ಡು ಬದಲಾದರೆ ಪಾಲು ಹೊಸ ಮೀಟರಿಗೆ ಹೋಗಬೇಕು. ಸಾಲದ ಹಣಕ್ಕೆ ರಾಜ್ಯದ ಹಣಕಾಸು ಸಂಸ್ಥೆಯಾದ ಕೆಎಸ್‌ಎಫ್‌ಸಿ ಇದೆ, ವಸೂಲಿಗೆ ಬೆಸ್ಕಾಂ ಬಿಲ್ಲು ಇದೆ, ಬಿಸಿಲಿಗೆ ಪಾವಗಡ ಇದೆ. ಮೂರನ್ನೂ ಕೂಡಿಸುವ ಆದೇಶ ವಿಧಾನಸೌಧದಿಂದ ಹೊರಡಬೇಕು.