ಬಿದಿರಿಗೆ ಕಟ್ಟಿದ ಕಬ್ಬಿಣ

1779ರಲ್ಲಿ ಆದವಾನಿಗೆಂದು ಹೊರಟ ಇಂಗ್ಲಿಷ್ ಪಡೆಯೊಂದು ಆದವಾನಿಯನ್ನು ಮುಟ್ಟಲೇ ಇಲ್ಲ. ಕೋಟೆ ಆಗ ನಿಜಾಮನ ಸೋದರ ಬಸಾಲತ್ ಜಂಗನ ಕೈಯಲ್ಲಿತ್ತು. ಅವನು ಗುಂಟೂರು ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟು, ಬದಲಿಗೆ ತನ್ನ ರಕ್ಷಣೆಗೆ ಪಡೆ ಪಡೆಯುವ ಒಪ್ಪಂದ ಮಾಡಿಕೊಂಡಿದ್ದ. ಕರ್ನಲ್ ಹಾರ್ಪರನ ತುಕಡಿ ಕಡಪದ ಹಾದಿ ಹಿಡಿಯಿತು. ಆ ಸೀಮೆಯ ಒಡೆಯ ಹೈದರಾಲಿ ದಾರಿ ಬಿಡಲಿಲ್ಲ. ಹಿಂದಿರುಗಿದ ತುಕಡಿ ಕರ್ನಲ್ ಬೇಯ್ಲಿಯ ಕೈಗೆ ಬಂತು. ಮರುವರ್ಷ ಗುಂಟೂರಿನಿಂದ ದಕ್ಷಿಣಕ್ಕೆ ನಡೆದು, 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪುವಿನ ಸೇನೆಗೆ ಸಿಕ್ಕಿ ನಾಶವಾಯಿತು.

ಬೇಯ್ಲಿಯ ನೆರವಿಗೆ ಬಂದು ಸಿಕ್ಕಿಬಿದ್ದವರಲ್ಲಿ ಸ್ಕಾಟ್ಲೆಂಡಿನ ಬೆಟ್ಟನಾಡಿನ 73ನೇ ಹೈಲ್ಯಾಂಡ್ ಪಲಟಣದವರೂ ಇದ್ದರು. ಅವರ ಕ್ಯಾಪ್ಟನ್ ಡೇವಿಡ್ ಬೇರ್ಡ್ ಗಾಯಗೊಂಡು ಸೆರೆಯಾಗಿ, 1784ರವರೆಗೆ ಶ್ರೀರಂಗಪಟ್ಟಣದಲ್ಲಿ ಬೇಡಿಯಲ್ಲಿದ್ದ. ಪೊಳ್ಳಿಲೂರಿನ ಕದನದ ಚಿತ್ರ ಅಲ್ಲಿನ ದರಿಯಾ ದೌಲತ್ ಬಾಗಿನ ಗೋಡೆಯ ಮೇಲೆ ಇಂದಿಗೂ ಇದೆ. ಚೌಕ ಕಟ್ಟಿ ನಿಂತ ಕೆಂಪಂಗಿಯವರು, ಪಲ್ಲಕ್ಕಿಯಲ್ಲಿ ಕುಳಿತ ಬೇಯ್ಲಿ, ನಡುವೆ ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ. ಹೈದರನ ಮೈಸೂರು ಸೇನೆ ಹಾರಿಸುತ್ತಿದ್ದ ರಾಕೆಟ್ಟುಗಳು ಹೈಲ್ಯಾಂಡರ್‌ಗಳ ನೆನಪಿನಲ್ಲಿ ಉಳಿದದ್ದು ಇಂಥ ಕದನಗಳಿಂದಲೇ.

ಆ ರಾಕೆಟ್ಟಿನಲ್ಲಿ ಹೊಸದೇನಿತ್ತು? ಮದ್ದು ಹಳೆಯದೇ. ನೂರು ಪಾಲಿನಲ್ಲಿ ಸುಮಾರು 75 ಪೆಟ್ಲುಪ್ಪು, 15 ಇದ್ದಿಲು, 10 ಗಂಧಕ. ಇದ್ದಿಲು, ಗಂಧಕ ಉರಿಯುತ್ತವೆ; ಉರಿಯಲು ಬೇಕಾದ ಆಮ್ಲಜನಕವನ್ನು ಪೆಟ್ಲುಪ್ಪು ಒದಗಿಸುತ್ತದೆ. ಹಾಗಾಗಿ ಮುಚ್ಚಿದ ಕೊಳವೆಯೊಳಗೂ ಬೆಂಕಿ ಆರುವುದಿಲ್ಲ. ಹೊಸದಿದ್ದದ್ದು ಕೊಳವೆ. ಬೇರೆಡೆ ಕಾಗದದ, ಬಿದಿರಿನ ಕೊಳವೆಗೆ ಮದ್ದು ತುಂಬುತ್ತಿದ್ದರೆ, ಮೈಸೂರಿನವರು ಕಬ್ಬಿಣದ ಕೊಳವೆಗೆ ತುಂಬಿದರು.

ಇದರಿಂದ ಆದ ಬದಲಾವಣೆ ಸಣ್ಣದಲ್ಲ. ಒತ್ತಡ ಏರಿದಷ್ಟೂ ಮದ್ದು ಬಿರುಸಾಗಿ ಉರಿಯುತ್ತದೆ, ಬಿರುಸಾಗಿ ಉರಿದಷ್ಟೂ ಒತ್ತಡ ಏರುತ್ತದೆ. ಕಾಗದದ ಕೊಳವೆ ಈ ಏರಿಕೆಯನ್ನು ತಾಳದೆ ಬೇಗ ಹರಿದುಹೋಗುತ್ತದೆ. ಕಬ್ಬಿಣ ತಾಳುತ್ತದೆ. ಮದ್ದನ್ನು ಹೆಚ್ಚು ಗಟ್ಟಿಯಾಗಿ ಜಡಿಯಬಹುದು. ಹಿಂಬದಿಯ ಕಿರಿದಾದ ತೂತಿನಿಂದ ಅನಿಲ ಹೆಚ್ಚು ವೇಗದಲ್ಲಿ ನುಗ್ಗುತ್ತದೆ, ಕೊಳವೆ ಅಷ್ಟೇ ಬಲದಿಂದ ಮುಂದಕ್ಕೆ ಚಿಮ್ಮುತ್ತದೆ. ಒಂದು ಕಿಲೋಮೀಟರಿನ ಆಚೆಗೂ ಅದು ಹೋಗುತ್ತಿತ್ತು. ಕಟ್ಟಿದ ಉದ್ದನೆಯ ಬಿದಿರು ಕೋಲು ಗಾಳಿಪಟದ ಬಾಲಂಗೋಚಿಯಂತೆ ಕೆಲಸ ಮಾಡುತ್ತಿತ್ತು: ಮೂತಿ ಅತ್ತಿತ್ತ ಹೊರಳಿದರೆ, ಹಿಂದಿನ ಕೋಲಿಗೆ ಬಡಿಯುವ ಗಾಳಿ ಅದನ್ನು ಮತ್ತೆ ನೇರಕ್ಕೆ ತರುತ್ತಿತ್ತು.

ಆದರೆ ಎಲ್ಲ ಕಬ್ಬಿಣವೂ ಇದಕ್ಕೆ ಆಗದು. ಎರಕದ ಕಬ್ಬಿಣ ಗಡಸು, ಒತ್ತಡಕ್ಕೆ ಚೂರಾಗಿ ಸಿಡಿಯುತ್ತದೆ. ಬೇಕಾದದ್ದು ಇದ್ದಿಲಿನ ಕುಲುಮೆಯಲ್ಲಿ ಕರಗದಂತೆ ಕಾಯಿಸಿ ಸುತ್ತಿಗೆಯಿಂದ ಬಡಿದು ತೆಗೆದ, ಇಂಗಾಲ ಕಡಿಮೆಯಿರುವ ಮೆದು ಕಬ್ಬಿಣ. ಅದು ಬಾಗುತ್ತದೆ, ಹಿಗ್ಗುತ್ತದೆ, ಒಡೆಯುವುದಿಲ್ಲ. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ 1985ರಲ್ಲಿ ಬರೆದ ಪ್ರಬಂಧ ಈ ಕಬ್ಬಿಣದ ಗುಣಕ್ಕೆ ಸಿಗಬೇಕಾದ ಮನ್ನಣೆ ಕೊಟ್ಟಿತು.

ಪೆಟ್ಲುಪ್ಪಿನ ಕಥೆಯಂತೂ ನಮ್ಮ ಒಣಸೀಮೆಯ ನೆಲಕ್ಕೇ ಸೇರಿದ್ದು. ದನ ಕಟ್ಟುವ ಜಾಗ, ಹಾಳೂರಿನ ದಿಬ್ಬಗಳ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಗಂಜಲದ ಸಾರಜನಕವನ್ನು ನೈಟ್ರೇಟಾಗಿಸುತ್ತವೆ. ಬೇಸಿಗೆಯಲ್ಲಿ ನೀರು ಆವಿಯಾದಂತೆ ಅದು ಮೇಲಕ್ಕೇರಿ ನೆಲದ ಮೇಲೆ ಬೆಳ್ಳಗೆ ಹೂಬಿಡುತ್ತದೆ. ಆ ಮಣ್ಣನ್ನು ಕೆರೆದು, ನೀರಿನಲ್ಲಿ ಕಲಕಿ ಸೋಸಿ, ಬೂದಿ ಬೆರೆಸಿ ಕಾಯಿಸುತ್ತಿದ್ದರು. ಕುದಿಯುವ 100 ಗ್ರಾಂ ನೀರು ಸುಮಾರು 245 ಗ್ರಾಂ ಪೆಟ್ಲುಪ್ಪನ್ನು ಕರಗಿಸಿಕೊಳ್ಳುತ್ತದೆ; 20 ಡಿಗ್ರಿಗೆ ತಣಿದರೆ ಹಿಡಿದಿಟ್ಟುಕೊಳ್ಳುವುದು ಬರೀ 32 ಗ್ರಾಂ. ಅಡುಗೆ ಉಪ್ಪಿಗೆ ಬಿಸಿ-ತಣ್ಣನೆಯ ವ್ಯತ್ಯಾಸ ಹೆಚ್ಚಿಲ್ಲ. ಹೀಗಾಗಿ ಕಡಾಯಿ ಆರಿದಾಗ ಉಪ್ಪು ನೀರಿನಲ್ಲೇ ಉಳಿದು, ಪೆಟ್ಲುಪ್ಪು ಸೂಜಿಯಂಥ ಹರಳುಗಳಾಗಿ ತಳಕ್ಕಿಳಿಯುತ್ತದೆ. ರಸಾಯನಶಾಸ್ತ್ರದ ಪಾಠ ಕೇಳದ ಜನ ಶತಮಾನಗಳ ಕಾಲ ಇದನ್ನು ಕರಾರುವಾಕ್ಕಾಗಿ ಮಾಡಿದರು, ಅವರಲ್ಲಿ ಒಬ್ಬರ ಹೆಸರೂ ನಮಗೆ ಉಳಿದಿಲ್ಲ ಎಂಬುದು ನನ್ನನ್ನು ಬಹಳ ಕಾಡುತ್ತದೆ.

ಹೀಗೆ ಸಿದ್ಧವಾದ ಮದ್ದಿಗೆ ತೇವವೇ ವೈರಿ. ಆದವಾನಿಯ ಬಾರಾಕಿಲ್ಲಾ ಬೆಟ್ಟದ ನೆತ್ತಿಯ ಮೇಲೆ, ಹೆಬ್ಬಂಡೆಗಳ ನಡುವೆ ಹಳೆಯ ಮದ್ದಿನ ಮನೆ ಕಟ್ಟಿದ್ದು ಶತ್ರುವಿಗೆ ಸಿಗದಿರಲೆಂದು ಮಾತ್ರವಲ್ಲ, ಅಲ್ಲಿ ನೀರು ನಿಲ್ಲುವುದಿಲ್ಲ ಎಂಬುದೂ ಲೆಕ್ಕದಲ್ಲಿದ್ದಿರಬೇಕು. 1786ರಲ್ಲಿ ಟಿಪ್ಪು ಸುಮಾರು ಒಂದು ತಿಂಗಳು ಮುತ್ತಿಗೆ ಹಾಕಿ ಈ ಕೋಟೆಯನ್ನು ಗೆದ್ದು, ಅದರ ರಕ್ಷಣೆಯ ಗೋಡೆಗಳನ್ನು ಕೆಡವಿಸಿದ.

1799ರ ಮೇ 4ರಂದು ಶ್ರೀರಂಗಪಟ್ಟಣಕ್ಕೆ ಲಗ್ಗೆಯಿಟ್ಟವರ ಮುಂದಾಳು ಅದೇ ಬೇರ್ಡ್. ಆಮೇಲಿನದು ಸ್ಮರಣಿಕೆಗಳ ಕಾಲ. ಟಿಪ್ಪುವಿನ ಖಡ್ಗವೊಂದು ಬೇರ್ಡನಿಗೆ ಉಡುಗೊರೆಯಾಯಿತು. ಅದು 2023ರಲ್ಲಿ ಲಂಡನ್ನಿನ ಹರಾಜಿನಲ್ಲಿ 1.4 ಕೋಟಿ ಪೌಂಡಿಗೆ ಮಾರಾಟವಾಯಿತು. ರಾಕೆಟ್ಟುಗಳು ವುಲಿಚ್‌ನ ಶಸ್ತ್ರಾಗಾರಕ್ಕೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ಅವನ್ನು ಮಾದರಿಯಾಗಿಟ್ಟುಕೊಂಡು ತನ್ನ ರಾಕೆಟ್ ರೂಪಿಸಿದ. 1807ರಲ್ಲಿ ಕೋಪನ್‌ಹೇಗನ್ ನಗರ ಅದರ ಬೆಂಕಿಗೆ ಸಿಕ್ಕಿತು.

ನಮ್ಮಲ್ಲಿ ಉಳಿದವು ಬಾವಿಯಲ್ಲಿದ್ದವು. ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ ಹಾಳುಬಾವಿಯೊಂದರ ಕೆಸರು ಮದ್ದಿನ ವಾಸನೆ ಹೊಡೆಯುತ್ತಿತ್ತು. 2018ರಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ರಾಶಿಯಾಗಿ ಸಿಕ್ಕವು. ತುಕ್ಕು ಹಿಡಿದು ಊದಿಕೊಂಡಿದ್ದವು, ಏಕೆಂದರೆ ಕಬ್ಬಿಣ ತುಕ್ಕಾದಾಗ ಹೆಚ್ಚು ಜಾಗ ಹಿಡಿಯುತ್ತದೆ. ಖಡ್ಗಕ್ಕೆ ಸಿಕ್ಕ ಬೆಲೆ ಇವಕ್ಕೆ ಸಿಗದು. ಆದರೆ ಅರಿವಿನ ದೃಷ್ಟಿಯಿಂದ ನನಗೆ ಇವೇ ಹೆಚ್ಚು. ಬಡಿದು ಮಾಡಿದ ಕಬ್ಬಿಣದಲ್ಲಿ ಕಿಟ್ಟದ ಎಳೆಗಳು ಸಿಕ್ಕಿಕೊಂಡಿರುತ್ತವೆ. ಒಂದು ಚೂರನ್ನು ನಯಗೊಳಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ, ಕಮ್ಮಾರನ ಸುತ್ತಿಗೆ ಯಾವ ದಿಕ್ಕಿಗೆ ಬಿದ್ದಿತು, ತಗಡನ್ನು ಹೇಗೆ ಸುತ್ತಿ ಅಂಚಿಗೆ ಅಂಚು ಬೆಸೆದರು ಎಂಬುದನ್ನು ಆ ಎಳೆಗಳ ಹರಿವಿನಿಂದ ಓದಬಹುದು. ಕಿಟ್ಟದ ರಾಸಾಯನಿಕ ಪಾಲು ನೋಡಿದರೆ ಅದಿರು ಯಾವ ಸೀಮೆಯದೆಂಬ ಸುಳಿವೂ ಸಿಗುತ್ತದೆ.